ಊಟದ ನಂತರ: ಇನ್ನೂರ ಎಂಬತ್ತಾರು

ನನ್ನ ಬಾಯಿಗೆ ಹುಳ ಬೀಳಲಿ. ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎಂದು ಬೆಳ್ತಂಗಡಿಯ ಲ್ಯಾಬಿನಲ್ಲಿ ನಾಲ್ಕು ಜನರ ಎದುರು ಎದೆ ತಟ್ಟಿ ಹೇಳಿದವನು ನಾನೇ. ಎರಡು ಸಾವಿರದ ನಾಲ್ಕನೇ ಇಸವಿ, ರಂಜಾನ್ ತಿಂಗಳು. ಈಗಲೂ ಆ ಮಾತು ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಕಂಪ್ಯೂಟರ್ ಅಂಗಡಿ. ಬೆಳ್ತಂಗಡಿಯಲ್ಲಿ ರಕ್ತಪರೀಕ್ಷೆಯ ಲ್ಯಾಬ್ ಇಟ್ಟಿದ್ದ ರುಕ್ಮಯ್ಯನವರಿಗೆ ವರದಿ ಅಚ್ಚು ಹಾಕುವ ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ಅದರಲ್ಲಿ ಒಂದು ಭಾಗದ ಬಗ್ಗೆ ನನಗೆ ವಿಪರೀತ ಜಂಬ. ವರದಿಯಲ್ಲಿ ಯಾವ ಸಾಲು ಬರಬೇಕು, ಯಾವುದು ಬರಬಾರದು ಎಂಬುದನ್ನು ಲ್ಯಾಬಿನವರೇ ಬದಲಿಸಿಕೊಳ್ಳಲಿ ಎಂದು ಪ್ರೋಗ್ರಾಮಿನ ಒಳಗೆ ಇನ್ನೊಂದು ಪುಟ್ಟ ಸ್ಕ್ರಿಪ್ಟ್ ಭಾಷೆಯನ್ನು ಕೂರಿಸಿದ್ದೆ. ಆ ಸ್ಕ್ರಿಪ್ಟ್ ಓಡಲು ಒಂದು ಜಾಗ ಬೇಕು, ಕಾಂಟೆಕ್ಸ್ಟ್ ಎನ್ನುತ್ತೇವೆ. ರೋಗಿಯ ಹೆಸರು, ಅಂಕಿಗಳನ್ನು ಅದರಲ್ಲಿಟ್ಟು ಸ್ಕ್ರಿಪ್ಟ್ ಓಡಿಸಬೇಕು. ವರದಿ ಬಂದ ಮೇಲೆ ಅದನ್ನು ಎಸೆದು ಮುಂದಿನ ರೋಗಿಗೆ ಹೊಸದು ತೆರೆಯಬೇಕು. ಹೋಟೆಲಿನಲ್ಲಿ ಒಬ್ಬರು ಕುಡಿದ ಗ್ಲಾಸನ್ನು ತೊಳೆದು ಇನ್ನೊಬ್ಬರಿಗೆ ಚಹಾ ಕೊಡುತ್ತಾರಲ್ಲ, ಅಷ್ಟೇ ವಿಷಯ. ಮೊದಲು ನಾನೂ ಹಾಗೆಯೇ ಮಾಡಿದ್ದೆ.

ಆದರೆ ಅವರದು ಹಳೇ ಕಂಪ್ಯೂಟರ್. ಪ್ರತಿ ರೋಗಿಗೆ ಹೊಸ ಕಾಂಟೆಕ್ಸ್ಟ್ ತೆರೆಯುವಾಗ ನಾಲ್ಕೈದು ಸೆಕೆಂಡ್ ಕಣ್ಣುಬಾಯಿ ಬಿಡುತ್ತಿತ್ತು.

"ಎಂಥ ಮಾರಾಯ ಇದು, ಕೈಯಲ್ಲಿ ಬರೆದ್ರೆ ಇದಕ್ಕಿಂತ ಬೇಗ ಆಗ್ತದೆ" ಎಂದರು ರುಕ್ಮಯ್ಯ.

ಆ ಮಾತು ಚುಚ್ಚಿತು. ಬೆಳಿಗ್ಗೆ ಒಮ್ಮೆ ತೆರೆದ ಕಾಂಟೆಕ್ಸ್ಟನ್ನೇ ಸಂಜೆಯವರೆಗೆ ಎಲ್ಲರಿಗೂ ಬಳಸುವ ಹಾಗೆ ಮಾಡಿಬಿಟ್ಟೆ. ಹಿಂದಿನವರ ಅಂಕಿ ಅದರಲ್ಲಿ ಉಳಿದಿರುತ್ತದೆ, ನಿಜ. ಆದರೆ ಮುಂದಿನವರ ಅಂಕಿ ಅದರ ಮೇಲೆ ಬಂದು ಕೂರುತ್ತದಲ್ಲ, ಏನು ತೊಂದರೆ? ಸಕ್ಕರೆ ಕಾಯಿಲೆಯವರು ಎರಡು ಸಲ ರಕ್ತ ಕೊಡುವುದು ಕ್ರಮ, ಖಾಲಿ ಹೊಟ್ಟೆಯಲ್ಲಿ ಒಮ್ಮೆ, ತಿಂದು ಎರಡು ಗಂಟೆಯ ಮೇಲೆ ಇನ್ನೊಮ್ಮೆ. ನಾನು ಹತ್ತಾರು ಸುಳ್ಳು ರೋಗಿಗಳನ್ನು ಹಾಕಿ ಪರೀಕ್ಷಿಸಿದೆ. ಎಲ್ಲರಿಗೂ ಎರಡೆರಡು ಅಂಕಿ. ನನ್ನ ರೋಗಿಗಳೆಲ್ಲ ಹೊಟ್ಟೆ ತುಂಬ ತಿನ್ನುವವರು. ಉಪವಾಸ ಹಿಡಿದವರು ಒಂದೇ ಸಲ ರಕ್ತ ಕೊಟ್ಟು ಮನೆಗೆ ಹೋಗುತ್ತಾರೆ ಎಂಬುದು ಈ ಬುದ್ಧಿವಂತನಿಗೆ ಹೊಳೆಯಲಿಲ್ಲ. ನೆರೆಕರೆಯಲ್ಲಿ ಅರ್ಧ ಬ್ಯಾರಿ ಮುಸ್ಲಿಮರ ಮನೆಗಳೇ ಇದ್ದರೂ!

ರಂಜಾನಿನ ಮೊದಲ ದಿನ ಲಾಯಿಲದ ಅವ್ವಮ್ಮ ಲ್ಯಾಬಿಗೆ ಬಂದರು. ಎಪ್ಪತ್ತರ ಹತ್ತಿರದ ಹೆಂಗಸು. ಪರೀಕ್ಷೆ ಉಂಟೆಂದು ನಸುಕಿನ ಊಟವನ್ನೂ ಬಿಟ್ಟು ಬಂದವರು, ಒಂದು ಸಲ ರಕ್ತ ಕೊಟ್ಟು ಹೋದರು. ಸಂಜೆ ಮಗ ಬಾವಾ ವರದಿ ತಂದ. ಖಾಲಿ ಹೊಟ್ಟೆಯಲ್ಲಿ: ನೂರ ಹದಿನೆಂಟು. ಊಟದ ನಂತರ: ಇನ್ನೂರ ಎಂಬತ್ತಾರು.

ಉಪವಾಸದ ದಿನ ಊಟದ ನಂತರ! ಮನೆಯಲ್ಲಿ ಮೊದಲು ನಗೆಯಾಯಿತಂತೆ. ಆಮೇಲೆ ಬಂಧುಗಳ ಬಾಯಿಗೆ ಬಿತ್ತು, ನಗೆ ನಿಂತಿತು. ಏಳನೇ ವಯಸ್ಸಿನಿಂದ ರಂಜಾನಿನ ನೋಂಬು, ಅಂದರೆ ಉಪವಾಸ, ತಪ್ಪಿಸದ ಉಮ್ಮ ಕದ್ದು ತಿಂದರೇ? ಮೂರನೇ ದಿನ ಬಾವಾ ತಾಯಿಯನ್ನು ಕರೆದುಕೊಂಡು ಲ್ಯಾಬಿಗೇ ಬಂದ. ರುಕ್ಮಯ್ಯನವರು ನನಗೆ ಫೋನ್ ಮಾಡಿದರು. ಬಸ್ಸು ಹಿಡಿದು ಹೋದೆ.

ಲ್ಯಾಬಿನಲ್ಲಿ ರಕ್ತ ತೆಗೆಯುವುದು, ಅಂಕಿ ತುಂಬುವುದು ಎಲ್ಲ ಪ್ರಫುಲ್ಲಾಳ ಕೆಲಸ. ದಿನಾ ಬಂಟ್ವಾಳದಿಂದ ಬಸ್ಸಿನಲ್ಲಿ ಬರುವ ಹುಡುಗಿ. ನಾನು ಹೋಗುವಾಗ ಅವಳ ಕಣ್ಣು ಕೆಂಪಾಗಿತ್ತು.

"ನಾನು ಖಾಲಿ ಬಿಟ್ಟದ್ದು ಸರ್. ಅವರು ಎರಡನೇ ರಕ್ತ ಕೊಡ್ಲೇ ಇಲ್ಲ" ಎಂದಳು.

"ಹಾಗಾದ್ರೆ ಇದು ಆಕಾಶದಿಂದ ಬಿತ್ತಾ?" ಎಂದರು ರುಕ್ಮಯ್ಯ. "ಸುಧಾಕರ, ನೀನು ಹೇಳು ಮಾರಾಯ. ಖಾಲಿ ಬಿಟ್ರೆ ಅಂಕಿ ಬರ್ತದಾ?"

"ಅದು ಹೇಗೆ ಬರ್ತದೆ? ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ. ಯಾರೋ ಹಾಕಿದ್ದನ್ನೇ ಅದು ತೋರಿಸುವುದು."

ಹೇಳುತ್ತಾ ಆ ದಿನದ ಪಟ್ಟಿ ತೆರೆದೆ. ಅವ್ವಮ್ಮನ ಹೆಸರಿನ ಮೇಲಿನ ಸಾಲು, ಧರ್ಣಪ್ಪ. ಊಟದ ನಂತರ ಇನ್ನೂರ ಎಂಬತ್ತಾರು. ಅವ್ವಮ್ಮನ ಸಾಲಿನಲ್ಲಿ ಆ ಜಾಗ ಖಾಲಿ, ಮೇಲೆ ಕೂರಲು ಹೊಸ ಅಂಕಿ ಇಲ್ಲದೆ ಹಿಂದಿನವನದೇ ಉಳಿದಿತ್ತು. ತೊಳೆಯದ ಗ್ಲಾಸು! ಧರ್ಣಪ್ಪನ ಎಂಜಲನ್ನು ಉಪವಾಸದ ಹೆಂಗಸಿನ ಬಾಯಿಗೆ ಹಿಡಿದವನು ನಾನು. ಆ ಕ್ಷಣವೇ ಹೇಳಬಹುದಿತ್ತು. ನಾಲ್ಕು ಶಬ್ದ ಸಾಕಿತ್ತು. ಆದರೆ ಎದೆ ತಟ್ಟಿದ ಕೈ ಇನ್ನೂ ಕೆಳಗೆ ಇಳಿದಿರಲಿಲ್ಲ ನೋಡಿ. ಪಟ್ಟಿಯನ್ನು ಮುಚ್ಚಿಬಿಟ್ಟೆ.

ರುಕ್ಮಯ್ಯ ಪ್ರಫುಲ್ಲಾಳ ಕಡೆ ತಿರುಗಿದರು. "ಬಾಯಿಗೆ ಬಂದ ಅಂಕಿ ಹಾಕುವವರು ನನಗೆ ಬೇಡ. ನಾಳೆಯಿಂದ ಬರ್ಬೇಡ."

ಆಗ ಬೆಂಚಿನ ಮೇಲಿಂದ ಅವ್ವಮ್ಮ ಎದ್ದರು.

"ಹುಡುಗಿಯನ್ನು ಬಿಡಿ. ನಾನೇ ತಿಂದದ್ದು. ತಿಂದು ಎರಡನೇ ಸಲ ಬಂದು ರಕ್ತ ಕೊಟ್ಟೆ. ಯಾರಿಗೂ ಹೇಳ್ಬೇಡ ಮಗಳೇ ಅಂತ ನಾನೇ ಹೇಳಿದ್ದು, ಪಾಪ, ಅವಳು ಅದಕ್ಕೇ ಹೇಳ್ಲಿಲ್ಲ."

ಪ್ರಫುಲ್ಲಾ ಬಾಯಿ ತೆರೆದಳು. ಅವ್ವಮ್ಮ ಅವಳ ಮಣಿಕಟ್ಟನ್ನು ಒತ್ತಿ ಹಿಡಿದರು. ಅವಳ ಕೆಲಸ ಉಳಿಯಿತು. ಬಾವಾ ತಾಯಿಯ ಮುಖ ನೋಡಲಿಲ್ಲ. ಚಪ್ಪಲಿ ಮೆಟ್ಟಿ ಹೊರಗೆ ಹೋಗಿ ರಿಕ್ಷಾದಲ್ಲಿ ಕೂತ. ನಾನು? ನಾನು ಮೌಸ್ ಹಿಡಿದುಕೊಂಡು ಪರದೆ ನೋಡುತ್ತಿದ್ದೆ, ಬಹಳ ಕೆಲಸ ಇರುವವನ ಹಾಗೆ.

ತಿದ್ದಲು ಬೇಕಾದದ್ದು ಒಂದೇ ಸಾಲು: ಪ್ರತಿ ರೋಗಿಗೂ ಮೊದಲು ಕಾಂಟೆಕ್ಸ್ಟನ್ನು ಖಾಲಿ ಮಾಡು. ಮಾರನೇ ದಿನ ಸಿ.ಡಿ. ತೆಗೆದುಕೊಂಡು ಹೋಗಿ ಹಾಕಿದೆ. "ಹೊಸ ವರ್ಷನ್, ಸ್ವಲ್ಪ ನಿಧಾನ ಆಗ್ತದೆ" ಎಂದೆ. ಅಷ್ಟೇ ಹೇಳಿದೆ, ಹೇಡಿ! ಆಮೇಲೆ ಎರಡು ದಿನ ಅಂಗಡಿಯಲ್ಲೇ ಕೂತೆ. ಮೂರನೇ ದಿನ ಸಂಜೆ ನಾಲ್ಕು ಗಂಟೆಗೆ ಲಾಯಿಲಕ್ಕೆ ಹೋದೆ.

ಅವ್ವಮ್ಮ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ತೊಳೆಯದ ಗ್ಲಾಸಿನ ಲೆಕ್ಕದಲ್ಲಿ. ಅವರು ಕೈ ನಿಲ್ಲಿಸದೆ ಕೇಳಿಸಿಕೊಂಡರು.

"ಆ ದಿನ ನೀನು ಅಲ್ಲೇ ಇದ್ದಿಯಲ್ಲ ಮಗಾ. ಆಗ ನಿನಗೆ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು ಆ ಸುಳ್ಳು.

"ಗೊತ್ತಿತ್ತು ಅಮ್ಮಾ."

ಅವರು ಒಂದು ಕಲ್ಲನ್ನು ಹೆಕ್ಕಿ ಅಂಗಳಕ್ಕೆ ಎಸೆದರು. "ಬಾವಾ ಈಗ ಸಂಜೆ ಮಸೀದಿಯಲ್ಲೇ ನೋಂಬು ಬಿಡ್ತಾನೆ. ನನ್ನ ಒಟ್ಟಿಗೆ ಉಣ್ಲಿಕ್ಕೆ ಕೂರುವುದಿಲ್ಲ. ಅವನಿಗೂ ಹೇಳು, ಆ ಲ್ಯಾಬಿನವರಿಗೂ ಹೇಳು."

"ಇವತ್ತೇ ಹೇಳ್ತೇನೆ. ನಿಮ್ಮ ಮೇಲೆ ಬಂದದ್ದೆಲ್ಲ ಸುಳ್ಳು ಅಂತ ಹೇಳ್ತೇನೆ."

"ಎಲ್ಲ ಸುಳ್ಳಲ್ಲ" ಎಂದರು ಅವ್ವಮ್ಮ. "ನಾನು ತಿನ್ಲಿಲ್ಲ, ಅದು ಸರಿ. ಆದ್ರೆ ಅವತ್ತು ಅಲ್ಲಿ ನೋಂಬು ಹಿಡಿದ ಬಾಯಲ್ಲಿ ಸುಳ್ಳು ಹೇಳಿದೆ. ಕಿತಾಬಿನಲ್ಲಿ ಏನುಂಟೋ ನನಗೆ ಗೊತ್ತಿಲ್ಲ, ನನ್ನ ಮನಸ್ಸಿಗೆ ಆ ದಿನದ ನೋಂಬು ಹೋಯಿತು. ಹಬ್ಬ ಕಳೆದ ಮೇಲೆ ಒಂದು ದಿನ ಪುನಃ ಹಿಡೀತೇನೆ."

ಅವರು ಬೈದಿದ್ದರೆ ಬದುಕುತ್ತಿದ್ದೆ.

ಬಾವಾನಿಗೆ ಅಂದೇ ಅವನ ಅಂಗಡಿಗೆ ಹೋಗಿ ಹೇಳಿದೆ. ಅವನು ಬಾಗಿಲು ಎಳೆದು ಮನೆಯ ಕಡೆ ನಡೆದ. ಮಾರನೇ ದಿನ ಲ್ಯಾಬಿಗೆ ಹೋಗಿ, ಪ್ರಫುಲ್ಲಾಳ ಎದುರಲ್ಲೇ ರುಕ್ಮಯ್ಯನವರಿಗೆ ಹೇಳಿದೆ. ಅವರು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಪ್ರಫುಲ್ಲಾ ಬೈಯಲಿಲ್ಲ. ಕೀಬೋರ್ಡನ್ನು ನನ್ನ ಕಡೆ ದೂಡಿದಳು.

"ಖಾಲಿ ಬಿಟ್ಟು ಒಂದು ಪ್ರಿಂಟ್ ತೆಗೀರಿ. ನಾನು ನೋಡ್ಬೇಕು."

ತೆಗೆದುಕೊಟ್ಟೆ. ಊಟದ ನಂತರದ ಸಾಲೇ ಇರಲಿಲ್ಲ. ಅವಳು ಆ ಹಾಳೆಯನ್ನು ಮಡಚಿ ತನ್ನ ಚೀಲದಲ್ಲಿ ಇಟ್ಟುಕೊಂಡಳು.

ಹಬ್ಬ ಕಳೆದು ಒಂದು ವಾರಕ್ಕೆ ಬಾವಾ ಫೋನ್ ಮಾಡಿದ. ನಾಳೆ ಉಮ್ಮ ಆ ಒಂದು ದಿನದ್ದು ಹಿಡಿಯುತ್ತಾರೆ, ಬೇಡ ಅಂದರೂ ಕೇಳುವುದಿಲ್ಲ ಎಂದ. ನಾನೂ ಆ ದಿನ ಸಂಜೆಯವರೆಗೆ ಏನೂ ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಬೆಳಿಗ್ಗೆ ತಿಂಡಿ ಬಿಟ್ಟು ಅಂಗಡಿಗೆ ಬಂದೆ. ಹನ್ನೊಂದು ಗಂಟೆಗೆ ಯಾರೋ ಗಿರಾಕಿ ಚಹಾ ತರಿಸಿದ. ಮಾತಾಡುತ್ತಾ ಮಾತಾಡುತ್ತಾ ಎತ್ತಿ ಕುಡಿದೆ. ನೆನಪಾಗುವಾಗ ಗ್ಲಾಸು ಅರ್ಧವಾಗಿತ್ತು. ಲಾಯಿಲದಲ್ಲಿ ಆ ಹೊತ್ತಿಗೆ ಅವ್ವಮ್ಮ ಒಬ್ಬರೇ, ಮನೆಯವರೆಲ್ಲ ಉಣ್ಣುವ ದಿನ, ಒಂದು ತೊಟ್ಟು ನೀರೂ ಕುಡಿಯದೆ ಕೂತಿದ್ದರು.