ಎಲ್ಲದಕ್ಕೂ ವೆಲ್

ಶಾಂಭವಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರಾದರೂ ಅಂದರೆ ಅದು ಶುದ್ಧ ಸುಳ್ಳು. ಬರುತ್ತಿತ್ತು. ಅವಳ ಬಾಯಲ್ಲಿ ಅದು ಒಂದೇ ಕಡೆ ಎಡವುತ್ತಿತ್ತು, ಅಷ್ಟೆ. ಆದರೆ ಎಡವುತ್ತಿದ್ದ ಜಾಗ ಸಾಮಾನ್ಯದ್ದಾಗಿರಲಿಲ್ಲ.

ಕುಕ್ ಟೌನಿನ ಹಳೆಯ ಬಂಗಲೆಯೊಂದರಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಿದೆ. ಶಾಂಭವಿ ಅಲ್ಲಿ ರಾತ್ರಿ ಪಾಳಿಯ ಆಯಾ. ಗಂಡ ಶರಣಬಸವ ಮೆಟ್ರೊ ಕೆಲಸದ ಕ್ಯಾಂಪಿನಲ್ಲೇ ಉಳಿಯುವವನು, ಭಾನುವಾರವಷ್ಟೇ ಮುಖ ತೋರಿಸುತ್ತಾನೆ. ಹೊರಮಾವಿನ ಬಾಡಿಗೆ ಕೋಣೆಯಲ್ಲಿ ರಾತ್ರಿಯಿಡೀ ಇರುವವಳು ಐದನೇ ಕ್ಲಾಸಿನ ಮಗಳು ಉಮಾಶ್ರೀ ಒಬ್ಬಳೇ. ಪಕ್ಕದ ಕೋಣೆಯ ಜಟ್ಟೆಮ್ಮ ಒಂದು ಕಣ್ಣು ಇಟ್ಟಿರುತ್ತಾಳೆ, ನಿಜ. ಆದರೆ ಜಟ್ಟೆಮ್ಮ ಮಲಗಿದಳೆಂದರೆ ಪಕ್ಕದಲ್ಲಿ ಲಾರಿ ಮಗುಚಿದರೂ ಏಳುವವಳಲ್ಲ.

ಶಹಾಪುರದ ಕಡೆಯಿಂದ ಅತ್ತೆ ಸುಭದ್ರಮ್ಮ ಫೋನಿನಲ್ಲಿ ಖಡಾಖಂಡಿತ ಹೇಳಿಬಿಟ್ಟಿದ್ದಳು: "ಹೆಣ್ಣ ಕೂಸು ರಾತ್ರಿ ಒಂದೇ ಮಲಗತಾದ ಅಂದ್ರ ಹೆಂಗ? ನಿನಗ ಹಗಲ ಡ್ಯೂಟಿ ಸಿಗಲಿಲ್ಲಂದ್ರ ದಸರಾ ಸೂಟಿಗಿ ಕರಕೊಂಡು ಬಾ. ಇಲ್ಲೇ ಸಾಲಿಗಿ ಹಾಕ್ತೀನಿ."

ಅತ್ತೆಯ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಶಾಂಭವಿಗೆ ಅದು ಚುಚ್ಚಿದ್ದು ಅದಕ್ಕೇ. ಮಗಳನ್ನು ಬಿಟ್ಟು ಈ ಊರಿನಲ್ಲಿ ಒಬ್ಬಳೇ ಏನು ಮಾಡುವುದು? ಹಗಲು ಪಾಳಿ ಸಿಗಲೇಬೇಕಿತ್ತು.

ಹಗಲು ಪಾಳಿಯವರಿಗೆ ಒಂದು ಹೆಚ್ಚಿನ ಕೆಲಸವುಂಟು. ಬೆಳಿಗ್ಗೆ ಮನೆಯವರು ಫೋನ್ ಮಾಡಿದಾಗ ಅಜ್ಜ ಅಜ್ಜಿಯರ ವರದಿ ಒಪ್ಪಿಸಬೇಕು. ಮನೆಯವರಲ್ಲಿ ತಮಿಳರು, ಮಲಯಾಳಿಗಳು, ಬಂಗಾಳಿಗಳು ಎಲ್ಲರೂ ಇದ್ದುದರಿಂದ ವರದಿ ಇಂಗ್ಲಿಷಿನಲ್ಲೇ ಆಗಬೇಕು. ಮೇಟ್ರನ್ ಆದಿಲಕ್ಷ್ಮಿ ಹಲಸೂರಿನ ಹೆಂಗಸು. ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. ಅವಳೇ ಪಾಠ ಹೇಳಿಕೊಟ್ಟಳು.

"ಮೂರು ವಿಷ್ಯ ಹೇಳ್ಬೇಕಮ್ಮ. ಏನ್ ಮಾಡಿದ್ರು, ಹೆಂಗ್ ಮಾಡಿದ್ರು, ಯಾವಾಗ ಮಾಡಿದ್ರು. ಏಟ್ ಸ್ಲೋಲಿ ದಿಸ್ ಮಾರ್ನಿಂಗ್. ವಾಕ್ಡ್ ಎ ಲಿಟಲ್ ಯೆಸ್ಟರ್ಡೇ ಈವ್ನಿಂಗ್. ಅಷ್ಟೇ, ರಾಕೆಟ್ ಸೈನ್ಸಾ?"

ಶಾಂಭವಿ ರೊಟ್ಟಿ ತಟ್ಟುತ್ತ ಕಲಿತಳು, ಬಸ್ಸಿನ ಕಂಬಿ ಹಿಡಿದು ನಿಂತು ಕಲಿತಳು. ಏಟ್, ಸ್ಲೆಪ್ಟ್, ವಾಕ್ಡ್ ಎಲ್ಲ ನಾಲಿಗೆಗೆ ಬಂದವು. ಲಾಸ್ಟ್ ನೈಟ್, ದಿಸ್ ಮಾರ್ನಿಂಗ್ ಕೂಡ ಬಂದವು. ತಕರಾರು ಇದ್ದದ್ದು ನಡುವಿನದರಲ್ಲಿ, ಹೇಗೆ ಮಾಡಿದರು ಎಂಬಲ್ಲಿ. ಅಲ್ಲಿ ಅವಳಿಗೆ ಬರುತ್ತಿದ್ದದ್ದು ಒಂದೇ: ವೆಲ್. ಏಟ್ ವೆಲ್, ಸ್ಲೆಪ್ಟ್ ವೆಲ್, ವಾಕ್ಡ್ ವೆಲ್. ಜ್ವರ ಬಂದು ನಡುಗುತ್ತಿದ್ದ ಅಜ್ಜನ ವಿಷಯದಲ್ಲೂ ಅಭ್ಯಾಸಕ್ಕೆಂದು 'ಸ್ಲೆಪ್ಟ್ ವೆಲ್' ಅಂದಾಗ ಆದಿಲಕ್ಷ್ಮಿ ಹಣೆ ಹಣೆ ಬಡಿದುಕೊಂಡಳು.

"ಅಯ್ಯೋ ಶಿವನೇ! ಎಲ್ಲದಕ್ಕೂ ವೆಲ್ ಅಂದ್ರೆ ವರದಿ ಯಾಕಮ್ಮಾ ಬೇಕು? ಒಂದು ಟೇಪ್ ಹಾಕಿಟ್ರೆ ಸಾಕಲ್ವಾ?"

ಇದು ದಡ್ಡತನವಲ್ಲ. ಶಾಂಭವಿಯ ಊರಿನಲ್ಲಿ ದೂರದವರು ಫೋನ್ ಮಾಡಿದರೆ ಮೊದಲ ಮಾತು 'ಆರಾಮ ಅದೀವಿ' ಎಂದೇ. ಅವಳ ಅಪ್ಪ ಮಾಳಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡಾಗಲೂ ಅವ್ವ ಫೋನಿನಲ್ಲಿ ಆರಾಮ ಅಂದಳು, ತೊಗರಿ ಹೂ ಬಿಟ್ಟಿದೆ ಅಂದಳು, ಸುಮ್ಮನೆ ಒಮ್ಮೆ ಬಂದು ಹೋಗು ಅಂದಳು. ಹೋಗಿ ನೋಡಿದಾಗಲೇ ವಿಷಯ ತಿಳಿದದ್ದು. ದೂರವಿದ್ದವರ ಎದೆ ಒಡೆಯುವ ಮಾತು ಹೇಳುವುದು ಅಲ್ಲಿ ಪಾಪ. ಆ ಪಾಪದ ಭಯ ಇಂಗ್ಲಿಷಿಗೂ ಅಂಟಿಕೊಂಡಿತ್ತು.

ಹಗಲು ಪಾಳಿಗೆ ಆಗುತ್ತಾಳೋ ಇಲ್ಲವೋ ಎಂದು ನೋಡುವ ಪರೀಕ್ಷೆಯ ದಿನ ಆದಿಲಕ್ಷ್ಮಿ ಗ್ರೇಸ್ ಆಂಟಿಯ ವರದಿಯನ್ನು ಶಾಂಭವಿಗೆ ಕೊಟ್ಟಳು. ಗ್ರೇಸ್ ಆಂಟಿ ಮಿಲಿಟರಿ ಆಫೀಸೊಂದರಲ್ಲಿ ಟೈಪಿಸ್ಟ್ ಆಗಿದ್ದವರು. ಮಗಳು ಶೆರಿಲ್ ಇರುವುದು ಇಂದಿರಾನಗರದಲ್ಲೇ, ಆಟೋ ಹತ್ತಿದರೆ ಬಂದಂತೆಯೇ. ಆದರೂ ಬಂದು ತಿಂಗಳ ಮೇಲಾಗಿತ್ತು. ಹಿಂದಿನ ರಾತ್ರಿ ಆಂಟಿ ಕಣ್ಣು ಮುಚ್ಚಿರಲಿಲ್ಲ, ಮಗಳ ಹೆಸರು ಹಿಡಿದು ಕೂಗುತ್ತಲೇ ಇದ್ದರು. ಬೆಳಿಗ್ಗೆ ಇಡ್ಲಿ ತಟ್ಟೆಯನ್ನು ತಳ್ಳಿ, ತಲೆ ಬಾಚಿಸಿಕೊಂಡು, ವರಾಂಡದ ಕುರ್ಚಿಯಲ್ಲಿ ಗೇಟು ನೋಡುತ್ತ ಕೂತಿದ್ದರು.

ಫೋನ್ ಬಂತು. ಆದಿಲಕ್ಷ್ಮಿ ಸ್ಪೀಕರ್ ಒತ್ತಿ ಕೈಕಟ್ಟಿ ನಿಂತಳು.

"ಹೌ ಈಸ್ ಮಮ್ಮಿ?"

"ಗುಡ್ ಮಾರ್ನಿಂಗ್ ಮೇಡಂ. ಆಂಟಿ ಸ್ಲೆಪ್ಟ್ ವೆಲ್ ಲಾಸ್ಟ್ ನೈಟ್. ಏಟ್ ವೆಲ್ ದಿಸ್ ಮಾರ್ನಿಂಗ್." ಹಾಳು ಬಾಯಿ! ಮನಸ್ಸನ್ನು ಕೇಳುವ ಮೊದಲೇ ಹೇಳಿ ಮುಗಿಸಿತ್ತು.

"ಓ, ಥ್ಯಾಂಕ್ ಗಾಡ್," ಶೆರಿಲ್ ಉಸಿರು ಬಿಟ್ಟಳು. ಇವತ್ತು ಬರೋಣ ಅಂದುಕೊಂಡಿದ್ದಳಂತೆ. ಮಮ್ಮಿ ಚೆನ್ನಾಗಿದ್ದರೆ ಮುಂದಿನ ತಿಂಗಳು ನೋಡೋಣ ಅಂದಳು.

ಶಾಂಭವಿ ವರಾಂಡದ ಕಡೆ ನೋಡಿದಳು. ಬಾಚಿದ ಬಿಳಿ ತಲೆ ಗೇಟಿನ ಕಡೆಯಿಂದ ಅಲ್ಲಾಡಿರಲಿಲ್ಲ. ಈಗ ಬಾಯಿಬಿಟ್ಟರೆ ಸುಳ್ಳು ಹೇಳಿದ್ದನ್ನು ಮೇಟ್ರನ್ ಎದುರೇ ಒಪ್ಪಿಕೊಂಡಂತೆ. ಹಗಲು ಪಾಳಿ ಹೋಯಿತು, ಮಗಳೂ ಊರಿಗೆ ಹೋದಳು. ಸುಮ್ಮನಿದ್ದರೆ ಎಲ್ಲ ಸಲೀಸು, ರಾತ್ರಿ ಕೂಗಿದ್ದಾಗಲಿ ಇಡ್ಲಿ ತಳ್ಳಿದ್ದಾಗಲಿ ಆದಿಲಕ್ಷ್ಮಿಗೆ ಇನ್ನೂ ಗೊತ್ತಿರಲಿಲ್ಲ.

"ನೋ ಮೇಡಂ," ಅಂದಳು. "ಸಾರಿ. ಐ ಟೋಲ್ಡ್ ರಾಂಗ್. ಆಂಟಿ ಸ್ಲೆಪ್ಟ್ ಬ್ಯಾಡ್ಲಿ ಲಾಸ್ಟ್ ನೈಟ್. ಕಾಲ್ಡ್ ಯುವರ್ ನೇಮ್ ಆಲ್ ನೈಟ್. ಏಟ್ ನಥಿಂಗ್ ದಿಸ್ ಮಾರ್ನಿಂಗ್. ಪ್ಲೀಸ್ ಕಮ್ ಕ್ವಿಕ್ಲಿ ಟುಡೇ."

ಫೋನ್ ಕಟ್ಟಾಯಿತು. ಆದಿಲಕ್ಷ್ಮಿ ಸರಕ್ಕನೆ ಒಳಗೆ ಹೋದಳು. ಮುಗೀತು ಕತೆ ಎಂದುಕೊಂಡ ಶಾಂಭವಿ ಚೀಲ ಎತ್ತಿಕೊಂಡಳು, ಆದರೆ ಆಂಟಿಯನ್ನು ಹಾಗೇ ಬಿಟ್ಟು ಹೋಗಲಾಗಲಿಲ್ಲ. ಪಕ್ಕದ ಮೆಟ್ಟಿಲಲ್ಲೇ ಕೂತಳು.

ಸ್ವಲ್ಪ ಹೊತ್ತಿಗೆ ಗೇಟಿನ ಮುಂದೆ ಆಟೋ ನಿಂತಿತು. ಶೆರಿಲ್ ಕೆದರಿದ ಕೂದಲಲ್ಲಿ, ಮನೆಯ ಚಪ್ಪಲಿಯಲ್ಲೇ ಓಡಿಬಂದಳು. ಬೈಗುಳಕ್ಕೆ ಸಿದ್ಧಳಾಗಿ ಶಾಂಭವಿ ಎದ್ದು ನಿಂತರೆ, ಶೆರಿಲ್ ಅವಳನ್ನು ದಾಟಿ ಹೋಗಿ ತಾಯಿಯ ಮಡಿಲಲ್ಲಿ ಮುಖ ಇಟ್ಟಳು. ಆಂಟಿ ಮಗಳ ಕೆನ್ನೆಗೆ ಮೆಲ್ಲಗೆ ಒಂದು ಏಟು ಕೊಟ್ಟು, ಆಮೇಲೆ ಅದೇ ಕೆನ್ನೆ ಸವರಿದರು. ತಣ್ಣಗಾಗಿದ್ದ ಇಡ್ಲಿಯನ್ನೇ ಮಗಳ ಕೈಯಿಂದ ತಿಂದರು. ಶೆರಿಲ್ ಶಾಂಭವಿಯ ಕೈ ಹಿಡಿದು, "ಇಲ್ಲಿ ಫೋನ್ ಎತ್ತಿದವರೆಲ್ಲ ದಿನಾ ವೆಲ್ ವೆಲ್ ಅಂತಲೇ ಹೇಳ್ತಿದ್ರು. ನಾನೂ ಅದನ್ನೇ ನಂಬಿ ಕೂತಿದ್ದೆ," ಅಂದಳು. ಅವಳಿಗೆ ಕನ್ನಡ ಬರುತ್ತಿತ್ತು! ಶಾಂಭವಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಬಾಗಿಲಲ್ಲಿ ಆದಿಲಕ್ಷ್ಮಿ ಕಣ್ಣೊರೆಸಿಕೊಳ್ಳುತ್ತಿದ್ದವಳು ತಕ್ಷಣ ದನಿ ಗಡುಸು ಮಾಡಿಕೊಂಡಳು. "ಏನ್ ನೋಡ್ತೀಯ? ಸೋಮವಾರದಿಂದ ಡೇ ಶಿಫ್ಟು, ಬಂದ್ಬಿಡು. ಮೊದಲ್ನೇ ಸಲಕ್ಕೇ ನಿಜ ಹೇಳೋದು ಕಲಿ, ನನ್ ಎದೆ ಬಡಿತ ನಿಂತೋಗಿತ್ತು."

ಹೊರಮಾವಿನ ಬಸ್ಸಿನಲ್ಲಿ ಶಾಂಭವಿ ಕಿಟಕಿಗೆ ತಲೆ ಆನಿಸಿ ಒಬ್ಬಳೇ ನಕ್ಕಳು. ಎದೆಯ ಮೇಲಿದ್ದ ಬಂಡೆ ಯಾರೋ ಎತ್ತಿ ಇಳಿಸಿದ ಹಾಗಿತ್ತು.

ಸಂಜೆ ಉಮಾಶ್ರೀ ಶಾಲೆಯಿಂದ ಬಂದ ಕೂಡಲೇ ಶಾಂಭವಿ ಸುದ್ದಿ ಹೇಳಿದಳು. ಕುಣಿದಾಡುತ್ತಾಳೆ ಎಂದುಕೊಂಡರೆ ಹುಡುಗಿ ಚೀಲವನ್ನೂ ಇಳಿಸದೆ ಬಂದು ಸೊಂಟ ಅಪ್ಪಿಕೊಂಡು ಬಿಕ್ಕತೊಡಗಿತು.

"ಅವ್ವಾ, ರಾತ್ರಿ ನಂಗ ಅಂಜಿಕಿ ಬರ್ತಿತ್ತು. ಬಾಗಿಲ ಸಪ್ಪಳಾದ್ರ ಎದ್ದು ಕೂಡ್ತಿದ್ನಿ. ಲೈಟ್ ಆರಿಸ್ತಾನೇ ಇರಲಿಲ್ಲ."

ಶಾಂಭವಿ ಮಗಳ ಗಲ್ಲ ಹಿಡಿದು ಮುಖ ಮೇಲೆತ್ತಿದಳು. "ಮತ್ತ ದಿನಾ ಕೇಳಿದ್ರ ಆರಾಮ ಮಲಗಿದ್ನಿ ಅಂತಿದ್ಯಲ್ಲ?"

"ಹೇಳಿದ್ರ ನೀ ಅಲ್ಲಿ ಕುಂತು ಅಳ್ತಿ ಅಂತ."

ಶಾಂಭವಿ ಮಗಳನ್ನು ಎದೆಗವಚಿಕೊಂಡಳು. ಎಂಥ ಮಾತು ಕಲಿಸಿಬಿಟ್ಟೆ ಈ ಕೂಸಿಗೆ ಎಂದು ಸಂಕಟವಾಯಿತು. ಇನ್ನು ಇದು ಒಂದೇ ಮಲಗುವುದಿಲ್ಲವಲ್ಲ ಎಂದು ಸಮಾಧಾನವೂ ಆಯಿತು.

"ಇನ್ನ ಮ್ಯಾಲ ನಂಗ ಆರಾಮ ಅನಬ್ಯಾಡ. ಹೆಂಗದ ಹಂಗ ಹೇಳು."

ಉಮಾಶ್ರೀ ಮೂಗು ಒರೆಸಿಕೊಂಡು ಯೋಚಿಸಿದಳು. "ಹಂಗಾದ್ರ ಹೇಳ್ತೀನಿ. ಮಧ್ಯಾಹ್ನ ಡಬ್ಬಿ ಉಣ್ಣಲಿಲ್ಲ. ಪಲ್ಯ ಚಲೋ ಇರಲಿಲ್ಲ. ಭಾಳ ಹಸಿವಾಗ್ಯದ."

"ಅಬ್ಬಬ್ಬಾ, ಶುರುನೇ ಮಾಡಿದಿ!" ಎಂದು ಗೊಳ್ಳನೆ ನಗುತ್ತ ಶಾಂಭವಿ ಎದ್ದು ಒಲೆ ಹಚ್ಚಿದಳು.