ಸ್ಟಂಪಿಗೆ ಅಂಟಿ ನಿಂತವಳು

"ಹಿಂದೆ ಹೋಗಿ ಅಕ್ಕಾ, ಚೆಂಡು ಜೋರಾಗಿ ಬರ್ತಿದೆ," ಎಂದು ಕ್ಯಾಪ್ಟನ್ ಮತ್ತೊಮ್ಮೆ ಕೈಬೀಸಿದಳು.

ಜಿಗಣೆ ಕದಲಲಿಲ್ಲ. ಸ್ಟಂಪುಗಳ ಹಿಂದೆಯೇ ಕುಕ್ಕರಗಾಲಲ್ಲಿ ಕೂತು, "ಬರಲಿ ಬಿಡು. ನಾನಿಲ್ಲೇ ಇರ್ತೀನಿ," ಎಂದಳು.

ಕೈಗೆ ಸಿಕ್ಕ ಚೆಂಡನ್ನು ಬಿಡುವವಳಲ್ಲ ಎಂದು ಗೆಳತಿಯರು ಇಟ್ಟ ಹೆಸರು ಅದು. ರಾಜ್ಯ ತಂಡದ ವಿಕೆಟ್‌ಕೀಪರ್ ಆಗಿ ಅವಳು ಊರೂರು ತಿರುಗಿದ್ದಳು. ರೈಲಿನ ಮೇಲಿನ ಬರ್ತಿನಲ್ಲಿ ಕಿಟ್ ತಬ್ಬಿಕೊಂಡು ಮಲಗಿ, ಖಾಲಿ ಗ್ಯಾಲರಿಗಳ ಮುಂದೆ ಆಡಿ ವರ್ಷಗಳು ಕಳೆದಿದ್ದವು. ದೇಶದ ತಂಡದಿಂದ ಕರೆ ಬರಲಿಲ್ಲ. ಅದಕ್ಕಾಗಿ ಅವಳು ಕೊರಗಿದವಳೂ ಅಲ್ಲ. ಆದರೆ ಹೋದ ವರ್ಷ ಬಸುರಿಯಾದಾಗ ಅವಳ ಜಾಗ ಬೇರೆಯವಳ ಪಾಲಾಯಿತು. ಇವತ್ತಿನದು ತಂಡ ಆರಿಸುವ ಪಂದ್ಯ. ಆ ಬೇರೆಯವಳೇ ಈಗ ಎದುರು ತಂಡದಲ್ಲಿ, ಜಿಗಣೆಯ ಮೂಗಿನ ಮುಂದೆ ಬ್ಯಾಟು ಹಿಡಿದು ನಿಂತಿದ್ದಳು. ಆಗಲೇ ಅರ್ಧಶತಕ ಹೊಡೆದು ಬೀಗುತ್ತಿದ್ದಳು.

ಮುಂದಿನ ಎಸೆತ ಬ್ಯಾಟುಗಾರ್ತಿಯ ಕಾಲಿನ ಆಚೆಗೆ ಜಾರಿತು. ಜಿಗಣೆಯ ಕೈಗವಸನ್ನು ಸವರಿಕೊಂಡು ಸೀದಾ ಬೌಂಡರಿಗೆ ಓಡಿತು.

ಪೆವಿಲಿಯನ್ನಿನ ನೆರಳಲ್ಲಿ ಕೂತಿದ್ದ ಆಯ್ಕೆಗಾರರೊಬ್ಬರು ಲೊಚಗುಟ್ಟಿದರು. "ಹೆತ್ತ ಮೇಲೆ ಮೈ ಮೊದಲಿನ ಹಾಗೆ ಬಗ್ಗಲ್ಲ ಬಿಡಿ," ಎಂದು ಪಕ್ಕದ ಕೋಚ್‌ಗೆ ಹೇಳಿದರು.

"ನಿಮಗೆ ಹೇಗೆ ಗೊತ್ತು? ನೀವು ಹೆತ್ತಿದ್ರಾ?"

ಹಿಂದಿನ ಸಾಲಿನಿಂದ ಬಂದ ದನಿ ಜಿಗಣೆಯ ಅತ್ತೆಯದು. ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಕೂತಿದ್ದರು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಗಂಟಲು ಇನ್ನೂ ನಿವೃತ್ತವಾಗಿರಲಿಲ್ಲ. ಕೋಚ್ ನಗು ತಡೆಯಲು ನೀರಿನ ಬಾಟಲಿಗೆ ಬಾಯಿ ಹಚ್ಚಿದರು.

ಅತ್ತೆಗೆ ಕ್ರಿಕೆಟ್ಟಿನ ಗಂಧಗಾಳಿ ಇರಲಿಲ್ಲ. ಡಾಕ್ಟರು ಆಡಬಹುದು ಎಂದ ಮಾರನೆಯ ಬೆಳಿಗ್ಗೆಯೇ, "ಎಸೆಯೋದು ತಾನೇ? ಎಸೀತೀನಿ ನಡಿ," ಎಂದು ಸೀರೆ ಎತ್ತಿ ಕಟ್ಟಿ ತಾರಸಿಗೆ ಹತ್ತಿದ್ದರು. ಅವರ ಎಸೆತಕ್ಕೆ ದಿಕ್ಕುದೆಸೆ ಇರಲಿಲ್ಲ. ಒಂದು ತಲೆಗೆ ಬಂದರೆ ಇನ್ನೊಂದು ನೀರಿನ ಟ್ಯಾಂಕಿಗೆ. ಅದಕ್ಕಿಂತ ಒಳ್ಳೆಯ ಅಭ್ಯಾಸ ಯಾವ ಕೋಚೂ ಮಾಡಿಸಿರಲಿಲ್ಲ.

ಮೈದಾನದಲ್ಲಿ ಜಿಗಣೆ ಬೌಲರ್ ಬಳಿ ನಡೆದುಹೋದಳು. "ಇನ್ನೊಂದು ಅದೇ ಥರ ಕಾಲಿನಾಚೆ ಹಾಕು."

"ಅಕ್ಕಾ, ಈಗಷ್ಟೇ ಬಿಟ್ರಲ್ಲ!"

"ಬಿಟ್ಟೆ. ಹಾಕು."

ಬೌಲರ್ ಹಾಕಿದಳು. ಬ್ಯಾಟು ಬೀಸಿತು, ಚೆಂಡು ತಪ್ಪಿತು. ಬೀಸಿದ ರಭಸಕ್ಕೆ ಬ್ಯಾಟುಗಾರ್ತಿಯ ಹಿಂದಿನ ಹಿಮ್ಮಡಿ ಗೆರೆಯೊಳಗಿನ ನೆಲ ಬಿಟ್ಟು ಎದ್ದಿತು. ಅಷ್ಟರಲ್ಲಿ ಚೆಂಡು ಜಿಗಣೆಯ ಕೈ ಸೇರಿ, ಆ ಕೈ ಸ್ಟಂಪಿಗೆ ಬಡಿದು, ಬೇಲ್ಸ್ ಹಾರಿದ್ದವು. ಅವಳು ಅಂಪೈರ್ ಕಡೆಗೆ ತಿರುಗಿ ಒಮ್ಮೆ "ಔಟಾ?" ಎಂದು ಕೇಳಿದಳು, ಅಷ್ಟೇ. ಬೆರಳು ಮೇಲೇರಿತು.

ಔಟಾದವಳು ಅಲ್ಲೇ ನಿಂತುಬಿಟ್ಟಳು. "ನನ್ನ ಹಿಮ್ಮಡಿ ಯಾವಾಗ ನೋಡಿದ್ರಿ?"

"ನೀನು ಬಂದಾಗಿಂದ ನೋಡ್ತಿದೀನಿ. ಹತ್ತಿರ ನಿಂತ್ರೆ ತಾನೇ ಕಾಣೋದು? ಅದನ್ನ ನೆಲಕ್ಕೆ ಅಂಟಿಸ್ಕೋ. ಆಮೇಲೆ ನಿನ್ನ ಯಾರೂ ಅಲ್ಲಾಡಿಸೋಕಾಗಲ್ಲ."

ಊಟದ ವಿರಾಮದಲ್ಲಿ ಅದೇ ಆಯ್ಕೆಗಾರರು ಮೆಟ್ಟಿಲ ಬಳಿ ಎದುರಾದರು. "ಕೈ ಚೆನ್ನಾಗಿದೆ. ಆದ್ರೆ ಮುಂದಿನ ಪಂದ್ಯಗಳೆಲ್ಲ ಹೊರಗಡೆ. ಮಗೂನ ಯಾರು ನೋಡ್ಕೋತಾರೆ?"

ಅತ್ತೆ ಬಾಯಿ ತೆರೆಯುವುದರೊಳಗೆ ಜಿಗಣೆಯೇ ಹೇಳಿದಳು: "ಅದು ನಮ್ಮನೆ ಮಾತು ಸಾರ್. ಮಗೂನೂ ಬರುತ್ತೆ, ಅತ್ತೇನೂ ಬರ್ತಾರೆ. ಕೀಪಿಂಗ್ ಬಗ್ಗೆ ಏನಾದ್ರೂ ಕೇಳೋದಿದ್ರೆ ಕೇಳಿ."

ಅವರು ತಲೆ ಕೆರೆದುಕೊಂಡರು. ಕೊನೆಗೆ ಕೋಚ್ ಕಡೆ ತಿರುಗಿ, "ಹೋಟೆಲಿಗೆ ಇನ್ನೊಂದು ಹಾಸಿಗೆ ಹೇಳಿಬಿಡಿ," ಎಂದರು.

"ಕಿಟಕಿ ಪಕ್ಕ ಇರ್ಲಿ," ಎಂದರು ಅತ್ತೆ.

ಡ್ರೆಸ್ಸಿಂಗ್ ರೂಮಿನ ಮೂಲೆಯ ಬೆಂಚಿನಲ್ಲಿ ಜಿಗಣೆ ಕೂತಳು. ಅವಳು ಪ್ಯಾಡು ಬಿಚ್ಚುವವರೆಗೆ ಕಾಯುವ ವ್ಯವಧಾನ ಮಗುವಿಗಿರಲಿಲ್ಲ. ಅದು ಕಣ್ಣು ಅರೆಮುಚ್ಚಿ ಹಾಲು ಕುಡಿಯುತ್ತಿದ್ದರೆ, ಪುಟ್ಟ ಕಾಲು ಅಮ್ಮನ ಮೊಣಕಾಲಿನ ಪ್ಯಾಡನ್ನು ಮೆತ್ತಗೆ ಒದೆಯುತ್ತಿತ್ತು.