ಕಾಲಿಗೆ ಹಿಡಿಸಿದ ಗದ್ದಲ

ಹೆಡ್ ಮೇಡಂ ನಿವೃತ್ತರಾಗಿ ವರ್ಷಗಳೇ ಕಳೆದಿದ್ದವು. ಆದರೂ ಬೀದಿಯವರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಶಾಲೆ ನಡೆಸಿದಷ್ಟು ಕಾಲ ಅವರಿಗಿದ್ದದ್ದು ಒಂದೇ ಶತ್ರು, ಗದ್ದಲ. ಅವರು ವರಾಂಡದಲ್ಲಿ ಕಾಣಿಸಿಕೊಂಡರೆ ಸಾಕು, ತರಗತಿಗಳು ಒಂದರ ಹಿಂದೊಂದು ತೆಪ್ಪಗಾಗುತ್ತಿದ್ದವು. ಮನೆಯಲ್ಲೂ ಅದೇ ಕಾನೂನು. ಮಿಕ್ಸಿ ತಿರುಗಿಸುವ ಮುಂಚೆ ಮಗಳು ಒಮ್ಮೆ ಅಮ್ಮನ ಮುಖ ನೋಡುತ್ತಿದ್ದಳು.

ಅಂಥವರಿಗೆ ಪಾರ್ಕಿನ್ಸನ್ ಕಾಯಿಲೆ ಬಂತು. ಮೊದಲು ಬಲಗೈ ನಡುಗಿತು. ಅದನ್ನು ಶಾಲಿನ ಕೆಳಗೆ ಮುಚ್ಚಿಟ್ಟು ನಿಭಾಯಿಸಿದರು. ಆಮೇಲೆ ಕಾಲು ಕೈಕೊಟ್ಟಿತು. ನೋವೇನಿಲ್ಲ, ನಿಶ್ಶಕ್ತಿಯೂ ಇಲ್ಲ. ನೆಟ್ಟಗೆ ನಡೆದು ಬರುತ್ತಿದ್ದವರು ಬಾಗಿಲ ಹತ್ತಿರ ಬಂದ ಕೂಡಲೇ ಅಂಗಾಲಿಗೆ ಅಂಟು ಬಳಿದಂತೆ ನಿಂತುಬಿಡುತ್ತಿದ್ದರು. ಮುಂದೆ ಹೋಗು ಎಂದು ತಲೆ ಹೇಳಿದರೂ ಪಾದ ಕೇಳುತ್ತಿರಲಿಲ್ಲ. ಜೀವಮಾನದಲ್ಲಿ ಅವರ ಮಾತು ಮೀರಿದವು ಈ ಎರಡು ಪಾದಗಳೇ.

ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಹುಡುಗಿ ಇದಕ್ಕೊಂದು ಉಪಾಯ ಹೇಳಿದಳು. ಕಿವಿಗೆ ತಾಳ ಬಿದ್ದರೆ ಎಷ್ಟೋ ಜನಕ್ಕೆ ಕಾಲು ಏಳುತ್ತದಂತೆ. ಹಾಲ್‌ನಲ್ಲಿ ಒಂದು ಸ್ಪೀಕರ್ ಇಡಿಸಿ, ಮೆತ್ತನೆಯ ವಾದ್ಯಸಂಗೀತ ಹಾಕಿದಳು. ಹೆಡ್ ಮೇಡಂ ಗೋಡೆ ಹಿಡಿದು ನಿಂತಲ್ಲೇ ತೂಕಡಿಸಿದರು. ಮುಂದಿನ ವಾರ ಟಕ್ ಟಕ್ ಎನ್ನುವ ಗಡಿಯಾರದಂಥ ಸದ್ದು ಹಾಕಿದಳು. ಅದಕ್ಕೆ ಪಾದಗಳು ಸ್ವಲ್ಪ ದಿನ ಮರ್ಯಾದೆ ಕೊಟ್ಟವು, ಆಮೇಲೆ ಅದನ್ನೂ ಕ್ಯಾರೇ ಅನ್ನಲಿಲ್ಲ.

ಮನೆಯ ಇನ್ನೊಂದು ತುದಿಯ ಕೋಣೆಯಲ್ಲಿ ಮೊಮ್ಮಗಳಿದ್ದಳು. ಕಾಲೇಜಿಗೆ ಹೋಗುವ ಹುಡುಗಿ. ಎದೆಯ ಮೇಲೆ ಅಸ್ಥಿಪಂಜರದ ಚಿತ್ರವಿರುವ ಕಪ್ಪು ಅಂಗಿಯನ್ನು ಒಗೆಯಲು ಬಿಡದೆ ತೊಡುತ್ತಿದ್ದಳು. ಅವಳು ಕೇಳುವುದು ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ, ಅದೂ ಹೆಡ್‌ಫೋನಿನಲ್ಲಿ ಮಾತ್ರ. ಅಜ್ಜಿಯ ಅಪ್ಪಣೆಯಾಗಿತ್ತು.

ಒಂದು ಮಧ್ಯಾಹ್ನ ಮಗಳು ಆಫೀಸಿಗೆ ಹೋಗಿದ್ದಾಗ ಹೆಡ್ ಮೇಡಂ ಬಚ್ಚಲುಮನೆಯಿಂದ ಹೊರಬರುವಾಗ ಹೊಸ್ತಿಲಲ್ಲೇ ನಿಂತುಹೋದರು. ಮೊಮ್ಮಗಳನ್ನು ಕೂಗಿದರು, ಹೆಡ್‌ಫೋನ್ ಹಾಕಿಕೊಂಡವಳಿಗೆ ಕೇಳಿಸಲಿಲ್ಲ. ಎಷ್ಟು ಹೊತ್ತು ನಿಂತಿದ್ದರೋ. ಆಗ ಆ ಹೆಡ್‌ಫೋನಿನ ಚಾರ್ಜ್ ಮುಗಿದು, ಅವಳ ಮೊಬೈಲು ತನ್ನ ಪಾಡಿಗೆ ತಾನು ಬ್ಲೂಟೂತಿನಲ್ಲಿ ಹಾಲ್‌ನ ಸ್ಪೀಕರನ್ನು ಹುಡುಕಿಕೊಂಡಿತು.

ತಗಡಿನ ಡಬ್ಬಗಳೆಲ್ಲ ಮಹಡಿ ಮೆಟ್ಟಿಲಿನಿಂದ ಉರುಳಿದ ಹಾಗೆ ಸದ್ದಾಯಿತು. ಅದರ ಮೇಲೆ ಗಿಟಾರು ಗರಗಸದಂತೆ ಓಡಿತು. ಗಂಡಸೊಬ್ಬ ಗಂಟಲು ಹರಿಯುವಂತೆ ಕಿರುಚತೊಡಗಿದ. ನಿಲ್ಲಿಸು ಎನ್ನಲು ಹೆಡ್ ಮೇಡಂ ಬಾಯಿ ತೆರೆದರು. ಅಷ್ಟರಲ್ಲಿ ಬಲಗಾಲು ಎದ್ದಿತು. ಹಿಂದೆಯೇ ಎಡಗಾಲು. ಹೊಸ್ತಿಲು ದಾಟಿ, ಹಾಲ್ ದಾಟಿ, ಸೈನಿಕರ ಹಾಗೆ ನಡೆದು ಮೊಮ್ಮಗಳ ಕೋಣೆಯ ಬಾಗಿಲಿಗೆ ಬಂದು ನಿಂತರು.

ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ಮೊಬೈಲನ್ನು ಹಾಸಿಗೆಯಲ್ಲಿ ತಡಕಾಡುತ್ತಿದ್ದಳು.

"ಆಫ್ ಮಾಡ್ತೀನಿ ಅಜ್ಜಿ, ಒಂದ್ ನಿಮಿಷ."

"ಮಾಡ್ಬೇಡ," ಎಂದರು ಹೆಡ್ ಮೇಡಂ. "ನಾನು ವಾಪಸ್ ಹೋಗ್ಬೇಕು."

ಅಂದಿನಿಂದ ಆ ಮನೆಯಲ್ಲಿ ಬೆಳಿಗ್ಗೆ ಮೆಟಲ್ ಶುರುವಾಯಿತು. ಮಗಳು ಮೊದಲ ದಿನ ಕಿವಿಗೆ ಹತ್ತಿ ಇಟ್ಟುಕೊಂಡು ಅಡುಗೆ ಮಾಡಿದಳು, ಮರುದಿನ ಹತ್ತಿಯನ್ನು ಇನ್ನಷ್ಟು ಒಳಗೆ ತುರುಕಿದಳು. ಎಲ್ಲ ಹಾಡೂ ಕಾಲಿಗೆ ಹಿಡಿಸುತ್ತಿರಲಿಲ್ಲ. ತಾಳ ನಡುವೆ ಮುರಿಯುವ ಹಾಡಿಗೆ ಹೆಡ್ ಮೇಡಂ ಮುಗ್ಗರಿಸುತ್ತಿದ್ದರು. ಅಂಥದ್ದನ್ನು ಫೇಲ್ ಮಾಡಿ ಮುಂದಿನದನ್ನು ಹಾಕಿಸುತ್ತಿದ್ದರು. ಪಾಸಾದವುಗಳಲ್ಲಿ ಮೊದಲು ಬಂದದ್ದು ಆ ಕಿರುಚುವವನ ಹಾಡೇ.

ಅವನಿಗೆ ಏನಾಗಿದೆ ಎಂದು ಒಂದು ದಿನ ವಿಚಾರಿಸಿದರು. ಬೆಳಿಗ್ಗೆ ಹಾಸಿಗೆಯಿಂದ ಏಳಲು ಆಗುತ್ತಿಲ್ಲವಂತೆ, ಹಾಡು ಪೂರ್ತಿ ಅದೇ, ಎಂದಳು ಮೊಮ್ಮಗಳು.

"ಅದಕ್ಕೆ ಇಷ್ಟು ಕೂಗ್ಬೇಕಾ?"

ಹೆಡ್ ಮೇಡಂ ಮಂಚದ ಅಂಚಿನಲ್ಲಿ ಕೂತು ತಮ್ಮ ಪಾದಗಳನ್ನು ನೋಡಿಕೊಂಡರು. ಈಚೆಗೆ ದಿನಾ ಬೆಳಿಗ್ಗೆ ಅವರಿಗೆ ಮಗ್ಗುಲು ಬದಲಿಸುವುದೇ ಒಂದು ಸಾಹಸವಾಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

"ಕೂಗ್ಬೇಕು," ಎಂದರು ಆಮೇಲೆ.

ಆ ಹಾಡು ಮಗಳ ಮದುವೆಗಿಂತಲೂ ಹಿಂದಿನದು ಎಂದು ತಿಳಿದಾಗ ಅವರಿಗೆ ಆಶ್ಚರ್ಯವಾಯಿತು. ಇಷ್ಟು ಹಳೆಯದು ಈಗಿನ ಮಕ್ಕಳಿಗೆ ಯಾಕೆ ಎಂದು ಕೇಳಿದರು. ಪಕ್ಕದಲ್ಲಿ ಕೂತು ಉಗುರು ಕಚ್ಚುತ್ತಿದ್ದ ಮೊಮ್ಮಗಳು ತಲೆಯೆತ್ತದೆ ಹೇಳಿದಳು: "ನಂಗೂ ಎಷ್ಟೋ ದಿನ ಏಳೋಕಾಗಲ್ಲ ಅಜ್ಜಿ."

ಹೆಡ್ ಮೇಡಂ ಅವಳ ಕೈಯನ್ನು ಬಾಯಿಂದ ತೆಗೆದು ತಮ್ಮ ನಡುಗುವ ಕೈಯಲ್ಲಿ ಇಟ್ಟುಕೊಂಡರು. ಇಬ್ಬರೂ ಹಾಡು ಮುಗಿಯುವ ತನಕ ಕೂತರು. ಬಾಗಿಲ ಬಳಿ ನಿಂತಿದ್ದ ಮಗಳು ಕಿವಿಯ ಹತ್ತಿಯಿಂದಾಗಿ ಇದ್ಯಾವುದನ್ನೂ ಕೇಳಿಸಿಕೊಳ್ಳದೆ, ತಿಂಡಿ ಆರುತ್ತಿದೆ ಎಂದಳು.

ಅದೇ ವರ್ಷ ಆ ಕಿರುಚುವವನ ತಂಡ ಅವರ ಊರಿಗೆ ಬಂತು. ಇಂಥ ಕಡೆಗೆಲ್ಲ ಹುಡುಗಿಯೊಬ್ಬಳನ್ನೇ ಕಳಿಸುವುದಿಲ್ಲ ಎಂದು ಮಗಳು ಪಟ್ಟು ಹಿಡಿದಳು. ಹಾಗಾದರೆ ನಾನು ಹೋಗುತ್ತೇನೆ ಎಂದರು ಹೆಡ್ ಮೇಡಂ, ಸ್ಕೂಲ್ ಇನ್‌ಸ್ಪೆಕ್ಷನ್‌ಗೆ ಹೊರಟವರ ಧ್ವನಿಯಲ್ಲಿ.

ಕಾರ್ಯಕ್ರಮ ಒಳಾಂಗಣ ಕ್ರೀಡಾಂಗಣದಲ್ಲಿ, ಸಂಜೆಗೆ. ಪುಂಡರ ಸಂತೆಯನ್ನು ನಿರೀಕ್ಷಿಸಿದ್ದ ಹೆಡ್ ಮೇಡಂಗೆ ಸಾಲಿನಲ್ಲಿ ಕಂಡದ್ದು ಬೊಕ್ಕತಲೆಯ ಅಪ್ಪಂದಿರು, ಅವರ ಹೆಗಲ ಮೇಲೆ ಮಕ್ಕಳು, ಮೊಮ್ಮಗಳ ವಯಸ್ಸಿನ ಹತ್ತಾರು ಹುಡುಗಿಯರು. ಎಲ್ಲರೂ ಕಪ್ಪು ಬಟ್ಟೆಯಲ್ಲಿ, ಎಲ್ಲರೂ ಸರದಿ ತಪ್ಪದೆ. ವೇದಿಕೆಯ ಮೇಲೆ ಬಂದ ಹಾಡುಗಾರ ಅವರಿಗಿಂತ ಸ್ವಲ್ಪವೇ ಚಿಕ್ಕವನು. ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದ, ಹಾಡಿನ ನಡುವೆ ಫ್ಲಾಸ್ಕಿನಿಂದ ಏನೋ ಬಿಸಿಯಾದದ್ದು ಕುಡಿಯುತ್ತಿದ್ದ. ಕಿರುಚಾಟ ಮಾತ್ರ ಹಾಗೇ ಇತ್ತು.

ಮೊಮ್ಮಗಳ ಕೈ ಹಿಡಿದು ಶೌಚಾಲಯಕ್ಕೆ ಹೋಗಿ ವಾಪಸಾಗುವಾಗ, ಕುರ್ಚಿಸಾಲುಗಳ ನಡುವಿನ ದಾರಿಯಲ್ಲಿ, ವೇಗದ ಹಾಡು ಮುಗಿದು ನಿಧಾನದ ಹಾಡೊಂದು ಶುರುವಾಯಿತು. ಹೆಡ್ ಮೇಡಂ ನಿಂತುಹೋದರು. ಹಿಂದೆ ಬರುತ್ತಿದ್ದವರೂ ನಿಂತರು. ಹೊಟ್ಟೆಯವರೆಗೆ ಗಡ್ಡ ಬಿಟ್ಟ ದೈತ್ಯನೊಬ್ಬ ಬಗ್ಗಿ ಕೇಳಿದ.

"ಏನಾಯ್ತಮ್ಮ?"

"ಈ ಹಾಡಿಗೆ ಕಾಲು ಏಳೋದಿಲ್ಲಪ್ಪ."

"ಯಾರಿಗೂ ಏಳಲ್ಲ ಬಿಡಿ," ಎಂದ ಅವನು ಬೇಸರದಿಂದ. "ಹೊಸ ಆಲ್ಬಮ್ಮಿಂದು."

ಮೊಮ್ಮಗಳು ಅವನಿಗೆ ಕಾಯಿಲೆಯ ವಿಷಯ ವಿವರಿಸಿದಳು. ಅವನು ತಲೆಯಾಡಿಸಿ, ಯಾರೂ ತಳ್ಳದಂತೆ ಬೆನ್ನು ಕೊಟ್ಟು ಬೇಲಿಯ ಹಾಗೆ ನಿಂತ. ಮಾಡಲು ಬೇರೇನೂ ಇಲ್ಲದ್ದರಿಂದ ಹೆಡ್ ಮೇಡಂ ಹಾಡು ಕೇಳಿದರು. ಇಷ್ಟು ದಿನ ತಾಳವನ್ನಷ್ಟೇ ಹಿಡಿದುಕೊಂಡು ನಡೆದಿದ್ದರು. ಒಂದು ಹಾಡಿನೊಳಗೆ ಹೀಗೆ ಸುಮ್ಮನೆ ನಿಂತಿರಲಿಲ್ಲ. ಮುದುಕನ ಧ್ವನಿ ಮೇಲಿನ ಸ್ವರದಲ್ಲಿ ಒಡೆಯಿತು, ಅವನು ಅದನ್ನು ಮುಚ್ಚಿಡಲು ಹೋಗಲಿಲ್ಲ. ಹೆಡ್ ಮೇಡಂಗೆ ಕಣ್ಣು ತುಂಬಿ ಬಂತು. ವೇದಿಕೆಯಿಂದ ಹೊಗೆ ಜಾಸ್ತಿ ಬಿಡುತ್ತಿದ್ದಾರೆ ಎಂದರು.

ಹಾಡು ಮುಗಿದು ಡ್ರಮ್ ಗುಡುಗಿದ್ದೇ ಕಾಲು ಎದ್ದಿತು. ಗಡ್ಡದವನು ದಾರಿ ಬಿಡಿಸುತ್ತ ಮುಂದೆ ನಡೆದ.

ಕಾಯಿಲೆಯೇನೂ ಹಿಂದೆ ಸರಿಯಲಿಲ್ಲ. ಮಾತ್ರೆ ಹೆಚ್ಚಾದವು, ಊರುಗೋಲು ಬಂತು, ಕೆಲವು ಬೆಳಿಗ್ಗೆ ಎಷ್ಟು ಗಟ್ಟಿಯಾಗಿ ಹಾಕಿದರೂ ಪಾದ ಅಲುಗುತ್ತಿರಲಿಲ್ಲ. ಅಂಥ ಒಂದು ದಿನ ಮೊಮ್ಮಗಳು ಸ್ಪೀಕರ್ ಆರಿಸಲು ಹೋದಾಗ ಹೆಡ್ ಮೇಡಂ ತಡೆದು, ಆವತ್ತಿನ ನಿಧಾನದ ಹಾಡನ್ನು ಹಾಕು ಎಂದರು.

"ಅದಕ್ಕೆ ಕಾಲು ಏಳಲ್ಲ ಅಜ್ಜಿ."

"ಕಾಲಿಗಲ್ಲ," ಎಂದು ಅವರು ದಿಂಬಿಗೆ ಒರಗಿಕೊಂಡರು. "ಕೇಳೋಕೆ."